ಐದು ಬೊಗಸೆ

ಬೆರಳ ಸಂದಿಯಲ್ಲಿ ಒಣಗಿದ ಎರೆಮಣ್ಣು, ಬೇವೂರಿನ ಹೊಲದ್ದೇ ಇರಬೇಕು, ನಮ್ಮ ಬಿಳಿ ಟೈಲ್ಸ್ ತುಳಿಯಲು ಹೆದರಿದ ಮಾರೆವ್ವನ ಪಾದ, ಪಾದ ಯಾಕೆ ನೋಡುತ್ತೀ ಶಾಂಭವಿ, ನನಗೆ ನಾನೇ ಅಂದುಕೊಳ್ಳುತ್ತೇನೆ, ಕೈ ನೋಡು, ಕೈಯಲ್ಲಿ ಗಂಟು — ವಿಷವೋ ತಾಳಿಯೋ, ಎರಡನ್ನೂ ಕಂಡಿದ್ದೇನೆ, ತೊಂಬತ್ತೆಂಟರಲ್ಲಿ ಗಂಗಾವತಿಯ ಅಪ್ಪನೊಬ್ಬ ಇಂಥದೇ ಗಂಟಿನಲ್ಲಿ ತಾಳಿ ತಂದು ಇದೇ ಬಾಗಿಲಿನಿಂದ ಮಗಳನ್ನು ಎಳೆದೊಯ್ದ, ಅವಳನ್ನು ಉಳಿಸಿಕೊಳ್ಳಲಾಗಲಿಲ್ಲ, ಇವಳನ್ನು ಬಿಡುವುದಿಲ್ಲ, ಮಾರೆವ್ವನ ಮಗಳು ಅನುಷಾ ಒಳಕೋಣೆಯಲ್ಲಿ ತನ್ನ ಮಹೇಶ್ವರಿಯ ಕೈ ಹಿಡಿದು ಕುಳಿತಿದ್ದಾಳೆ, ಇಬ್ಬರೂ ಇವತ್ತೇ ಭಾಗ್ಯನಗರದ ಬಾಡಿಗೆ ಮನೆಗೆ ಹೋಗುವವರು, ಇಬ್ಬರಿಗೂ ಇಪ್ಪತ್ಮೂರು, ವಯಸ್ಸಿನ ದಾಖಲೆ ಕಪಾಟಿನಲ್ಲಿದೆ, ವಕೀಲ ರುದ್ರೇಶನ ನಂಬರು ಮೊಬೈಲಿನ ಪರದೆಯ ಮೇಲೆ, ಒತ್ತಿದರೆ ಸಾಕು — ಏ, ಪೊಲೀಸರಗತೆ ನೋಡಬ್ಯಾಡ, ಪಾಪ ಹೆದರ್ಯಾಳ, ಚಾ ಇಡು, ಅನ್ನುತ್ತಾಳೆ ಭವಾನಿ ಕುರ್ಚಿಯಿಂದ, ಮೂವತ್ನಾಲ್ಕು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿ ಬಾಳಿದವಳ ದನಿ, ಕುಷ್ಟಗಿಯ ಕಾಲೇಜಿನವರು ನೀವಿಬ್ಬರೂ ಬೇರೆ ಬೇರೆ ಇದ್ದರೆ ಮಾತ್ರ ನೌಕರಿ ಎಂದಾಗ ನನಗಿಂತ ಮೊದಲು ಎದ್ದು ಹೊರಬಂದವಳು, ನಾನು ರಾಜೀನಾಮೆಯಲ್ಲೂ ದಿನಾಂಕ ಸರಿಯಾಗಿದೆಯೇ ನೋಡುತ್ತಿದ್ದೆ, ಕೆಮಿಸ್ಟ್ರಿಯವಳ ಚಾಳಿ, ನಮ್ಮಂಥ ಹುಡುಗಿಯರು ಸಹಾಯ ಕೇಳಿ ಮಾಡಿದ ಒಂದೊಂದು ಫೋನನ್ನೂ ಪ್ರಯೋಗದ ಹಾಗೆ ಬರೆದಿಟ್ಟಿದ್ದೇನೆ, ಊರು, ವೇಳೆ, ಏನಾಯಿತು, ಹನ್ನೊಂದು ನೋಟ್‌ಬುಕ್ಕು, ಎರಡು ಸಾವಿರದ ಹದಿನೆಂಟರ ಸೆಪ್ಟೆಂಬರ್ ಆರಕ್ಕೆ, ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನ, ಒಂದೇ ಸಾಲು, ಇನ್ನು ನಾವು ಅಪರಾಧಿಗಳಲ್ಲ, ಆ ದಿನ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಪೇಡೆ ಹಂಚಿದೆವು, ಯಾರ ಮದುವಿರಿ ಮೇಡಂ ಎಂದ ಕಂಡಕ್ಟರ್, ನಂದ ಅಂದಳು ಭವಾನಿ, ಹಂಗಾರ ಇನ್ನೊಂದು ಕೊಡ್ರಿ ಎಂದು ತಿಂದ. ಎರಡು ಸಾವಿರದ ಇಪ್ಪತ್ಮೂರರಲ್ಲಿ ನಮ್ಮಂಥವರಿಗೆ ಮದುವೆಯ ಹಕ್ಕಿಲ್ಲವೆಂಬ ತೀರ್ಪು ಬಂತು, ಅದನ್ನೂ ಬರೆದೆ, ಮರುದಿನ ಯಲಬುರ್ಗಾದಿಂದ ಫೋನು, ಎತ್ತಿದೆ, ಎತ್ತದೆ ಬಿಟ್ಟದ್ದು ಒಂದೂ ಇಲ್ಲ.

ಗಂಟು ಬಿಚ್ಚುತ್ತಿದ್ದಾಳೆ, ನನ್ನ ಹೆಬ್ಬೆರಳು ಪರದೆಯ ಮೇಲೆ — ಅಕ್ಕಿ, ಒಣಕೊಬ್ಬರಿ, ಕುಪ್ಪಸದ ಖಣ ಎರಡು, ಮತ್ತೆ ನೋಡು, ಎರಡೇ, ಇಬ್ಬರಿಗೂ, ಉಡಿ ತುಂಬಲು ಬಂದವಳು! ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ನಾನೇ ಮನಸ್ಸಿನಲ್ಲಿ ವಿಷ ಎಂದು ಬರೆದುಬಿಟ್ಟಿದ್ದೆ, ಮೊಬೈಲು ಬೋರಲು ಇಡು, ಹೊಸ ಮನಿಗೆ ಖಾಲಿ ಉಡಿಲೆ ಹೋಗಬಾರ್ದ್ರಿ, ಕರೀರಿ ಹುಡುಗ್ಯಾರನ, ಅನ್ನುತ್ತಿದ್ದಾಳೆ ಮಾರೆವ್ವ, ಹುಡುಗಿಯರು ಬಂದು ಕುಳಿತರು, ಜೀನ್ಸ್ ಹಾಕಿದ ಮಹೇಶ್ವರಿಗೆ ಸೆರಗೆಲ್ಲಿ, ಅನುಷಾಳ ವೇಲನ್ನೇ ಇಬ್ಬರೂ ಚಾಚಿ ಹಿಡಿದಿದ್ದಾರೆ, ಇದರಾಗೂ ಪಾಲೇನವಾ ಎಂದು ಭವಾನಿ ನಗುತ್ತಾಳೆ, ಮಾರೆವ್ವ ಮಾತ್ರ ಕದಲುವುದಿಲ್ಲ, ನೀವು ತುಂಬ್ರಿ ಅಕ್ಕಾರ, ನನಗ ನಡೆಂಗಿಲ್ಲ, ನನ್ನ ಗಂಡ ಹೋಗ್ಯಾನ — ವಿಧವೆ ಉಡಿ ತುಂಬಬಾರದು, ಮುತ್ತೈದೆಯೇ ಐದು ಬೊಗಸೆ ತುಂಬಬೇಕು, ಗೊತ್ತು, ಈ ಪದ್ಧತಿಯ ವಿರುದ್ಧ ಎಷ್ಟು ಭಾಷಣ ಮಾಡಿಲ್ಲ, ನನಗೆ ಮದುವೆಯೇ ಆಗಿಲ್ಲ ಮಾರೆವ್ವ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಭವಾನಿಯ ಕಡೆ ಗದ್ದ ಎತ್ತಿ, ಯಾಕ್ರಿ, ನಿಮ್ಮವ್ರು ಅದಾರಲ್ಲ, ಅಲ್ಲೇ ಕುಂತಾರ — ಕುಡಿಯೋಕ ನೀರು ಕೊಡ್ರಿ ಅಂದಷ್ಟು ಸಲೀಸಾಗಿ, ಭವಾನಿಯ ನಗು ನಿಂತಿದೆ, ಕನ್ನಡಕ ತೆಗೆದು ಒರೆಸುತ್ತಿದ್ದಾಳೆ, ಒರೆಸುತ್ತಲೇ ಇದ್ದಾಳೆ, ನಾನು ಬೊಗಸೆ ತುಂಬಿಕೊಂಡೆ, ಆದರೆ ನೀನೂ ಬಾ ಮಾರೆವ್ವ, ಹೆತ್ತವಳು ನೀನು, ಬ್ಯಾಡ್ರಿ, ಹಿಡಿ ಅಂದೆನಲ್ಲ, ಎರಡು ಒರಟು ಕೈ ನನ್ನ ಕೈಗಳ ಕೆಳಗೆ ಬಂದವು, ಬಿಸಿಯಾಗಿವೆ, ಒಂದು ಬೊಗಸೆ, ಎರಡು, ಅಕ್ಕಿ ಜಾರುವ ಸದ್ದು, ಮೂರು, ನನ್ನ ಕೈಯ ಕೆಳಗೆ ಅವಳ ಕೈ, ನಾಲ್ಕು, ಅವಳ ಕೈ, ಅಕ್ಕಿ, ಅವಳ ಕೈ —