ಗಾಳಿ ನಿಂತ ಅರ್ಧ ಗಂಟೆ

ಕಿತ್ತುಹೋದ ಹಗ್ಗಕ್ಕೂ ಕೊಯ್ದ ಹಗ್ಗಕ್ಕೂ ವ್ಯತ್ಯಾಸ ತಿಳಿಯದಷ್ಟು ದಡ್ಡನಲ್ಲ ನಾನು. ಗಾಳಿಗೆ ಕಿತ್ತುಹೋದ ಹಗ್ಗದ ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಚಂಡಮಾರುತ ಹೋದ ಮರುದಿನ, ನನ್ನ ದೋಣಿ ಕಟ್ಟಿದ್ದ ಕಂಬದಲ್ಲಿ ಉಳಿದಿದ್ದ ತುಂಡನ್ನು ನೋಡಿದೆ. ತುದಿ ನುಣ್ಣಗಿತ್ತು. ಯಾರೋ ಕತ್ತಿ ಹಾಕಿದ್ದರು. ದೋಣಿ ಸಮುದ್ರದ ಪಾಲಾಗಿತ್ತು.

ಯಾರೋ ಏನು ಬಂತು, ನನ್ನ ತಮ್ಮನೇ! ಅಪ್ಪ ಆ ದೋಣಿಯನ್ನು ನನಗೆ ಬರೆದುಕೊಟ್ಟ ದಿನದಿಂದ ಅವನಿಗೆ ಹೊಟ್ಟೆಕಿಚ್ಚು. ಕೇಳಿಯೇ ಬಿಡೋಣವೆಂದು ಹೋದೆ. ಬಿದ್ದ ಗೋಡೆಗೆ ಇಟ್ಟಿಗೆ ಜೋಡಿಸುತ್ತಿದ್ದವನು ತಲೆ ಎತ್ತಲಿಲ್ಲ.

"ನನ್ನ ಹಗ್ಗ ನೋಡಿದ್ಯೇನೋ?" ಎಂದೆ.

"ನಾನ್ಯಾಕೆ ಕೊಯ್ಲಿ?" ಎಂದ.

ಕೊಯ್ದಿದ್ದಾರೆ ಎಂದು ನಾನು ಹೇಳಿಯೇ ಇರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ಹೋಗಿದ್ದು ಹೋಯ್ತು ಬಿಡಿ, ಜೀವ ಉಳೀತಲ್ಲ" ಎಂದು ನೆಲದ ಕೆಸರು ಬಳಿಯುತ್ತಲೇ ಇದ್ದಳು. ಇವಳೂ ಮೈದುನನ ಕಡೆಯೇ ಎಂದು ನನಗೆ ಮೈ ಉರಿದುಹೋಯಿತು.

ಚಂಡಮಾರುತದ ದಿನ ಊರಿಗೆ ಊರೇ ದಿಣ್ಣೆಯ ಮೇಲಿನ ಶಾಲೆಯಲ್ಲಿ ಸೇರಿಕೊಂಡಿತ್ತು. ಮಧ್ಯಾಹ್ನ ಗಾಳಿ ಗಕ್ಕನೆ ನಿಂತಿತು. ಅದು ಚಂಡಮಾರುತದ ನಡುಭಾಗ. ಅರ್ಧ ಗಂಟೆ ಬಿಟ್ಟು ಗಾಳಿ ಎದುರು ದಿಕ್ಕಿನಿಂದ ಬಡಿಯುತ್ತದೆ. ಅಷ್ಟರೊಳಗೆ ದೋಣಿಗಳಿಗೆ ಇನ್ನೊಂದು ಹಗ್ಗ ಬಿಗಿದು ಬರೋಣವೆಂದು ನಾವು ನಾಲ್ವರು ಎದ್ದೆವು. ನಾನು ಹಗ್ಗ ಹುಡುಕಿಕೊಂಡು ದಡ ಮುಟ್ಟುವಷ್ಟರಲ್ಲಿ ನನ್ನ ದೋಣಿ ದೂರ ತೇಲಿಹೋಗಿತ್ತು. ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ವಾಪಸು ಬಂದೆ. ಉಳಿದ ಮೂವರು ಹಗ್ಗ ಬಿಗಿಯಲು ತಮ್ಮ ತಮ್ಮ ದೋಣಿ ಹತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿ ಬಡಿಯಿತು. ಅವರು ವಾಪಸು ಬರಲಿಲ್ಲ.

ಹನ್ನೊಂದನೆಯ ದಿನ ಮೀನುಗಾರರ ಸಂಘದಲ್ಲಿ ಹೊಸ ದೋಣಿ ಸಿಗುವವರ ಪಟ್ಟಿ ಓದಿದರು. ತಮ್ಮನ ಹಳೆಯ ದೋಣಿಯೂ ಒಡೆದಿದ್ದರಿಂದ ಅವನ ಹೆಸರಿತ್ತು. ಬೇರೆಯವರ ದೋಣಿಗೆ ಕೈ ಹಾಕಿದವನಿಗೆ ಸಂಘದಲ್ಲಿ ಜಾಗವಿಲ್ಲ. ನಾನೊಂದು ಮಾತು ಆಡಿದರೆ ಅವನಿಗೆ ದೋಣಿಯೂ ಇಲ್ಲ, ಕಡಲೂ ಇಲ್ಲ. ಆಗಲಿ, ಉಪ್ಪು ತಿಂದವನು ನೀರು ಕುಡಿಯಲಿ ಎಂದು ಎದ್ದು ನಿಂತೆ.

"ಅಧ್ಯಕ್ಷರೇ, ಇವನ ಹೆಸರು ಹೊಡೆದುಹಾಕಿ. ನನ್ನ ಹಗ್ಗ ಕೊಯ್ದವನು ಇವನೇ."

ಹಿಂದಿನ ಬೆಂಚಿನಿಂದ ನನ್ನ ಹೆಂಡತಿ ಎದ್ದಳು.

"ಕೊಯ್ದಿದ್ದು ನಾನು," ಎಂದಳು. "ಮೀನು ಹೆಚ್ಚೋ ಕತ್ತೀಲಿ. ಅರ್ಧಕ್ಕೇ ಕೈ ಸೋತುಹೋಯ್ತು. ಇವನು ಓಡಿಬಂದು ಉಳಿದದ್ದು ಕೊಯ್ದ. ಯಾರಿಗೂ ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡಿದ್ದೆ. ಬೇಡ ಅಂದಿದ್ರೆ ನೀವು ನನ್ನ ಮಾತು ಕೇಳ್ತಿದ್ರಾ? ದೋಣಿ ಇದ್ದಿದ್ರೆ ಹತ್ತೇ ಹತ್ತುತ್ತಿದ್ರಿ."

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ಹನ್ನೊಂದು ದಿನ ಸುಮ್ನೆ ಬೈಸ್ಕೊಂಡ್ಯಲ್ಲೋ," ಎಂದೆ ತಮ್ಮನಿಗೆ.

"ಬೈಯೋಕೆ ನೀನಿದ್ಯಲ್ಲ ಅಣ್ಣ, ಅಷ್ಟು ಸಾಕು," ಎಂದ.

ಯಾರೋ ನಕ್ಕರು. ಮುಂದಿನ ಬೆಂಚಿನಲ್ಲಿದ್ದ ಬಲೆ ಹೆಣೆಯುವವಳು ನಗಲಿಲ್ಲ. ವಾಪಸು ಬಾರದ ಆ ಮೂವರಲ್ಲಿ ಅವಳ ಗಂಡನೂ ಒಬ್ಬ. ಅವನ ಪಾಲಿನ ದೋಣಿಗೆ ಹೆಬ್ಬೆಟ್ಟು ಒತ್ತಲು ಬಂದಿದ್ದಳು. ಮೆಲ್ಲಗೆ ತಿರುಗಿ ನನ್ನ ಹೆಂಡತಿಯನ್ನು ನೋಡಿದಳು.

"ನನ್ನ ಹತ್ರಾನೂ ಕತ್ತಿ ಇತ್ತಲ್ಲೇ," ಎಂದಳು. "ನನಗೊಂದು ಮಾತು ಹೇಳ್ಬಾರದಿತ್ತೇನೇ?"