ನಾಲ್ಕುನೂರ ಹದಿನೇಳರ ಎಡಮಗ್ಗುಲು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ?

ಬಸ್ಸಿನ ಒಳಗಿನಿಂದ ಶುರುಮಾಡಿದರೆ ನೀವೂ ಬಸ್ಸಿನಲ್ಲಿ ಕೂತುಬಿಡುತ್ತೀರಿ. ಕಿಟಕಿ ಪಕ್ಕದ ಸೀಟು ಸಿಕ್ಕಿರುತ್ತದೆ, ಆಫೀಸಿಗೆ ಹೊತ್ತಾಗಿರುತ್ತದೆ, ಮುಂದೆ ಯಾವುದೋ ಸೈಕಲ್ಲು ತೆವಳುತ್ತಿರುತ್ತದೆ. ಎರಡನೇ ಸಾಲಿಗೇ ಅದರ ಮೇಲೆ ನಿಮಗೆ ಸಿಟ್ಟು. ಸೈಕಲ್ಲಿನ ಮೇಲಿಂದ ಶುರುಮಾಡಿದರೆ ಬೆನ್ನ ಹಿಂದೆ ಹತ್ತು ಟನ್ ಕಬ್ಬಿಣ ಹಾರ್ನ್ ಹೊಡೆಯುತ್ತಿರುತ್ತದೆ; ಡ್ರೈವರನ್ನು ಶಪಿಸುತ್ತಲೇ ಪುಟ ತಿರುಗಿಸುತ್ತೀರಿ. ಮೊದಲ ವಾಕ್ಯದಲ್ಲಿ ನಿಮ್ಮನ್ನು ಯಾರ ಪಕ್ಕ ಕೂರಿಸುತ್ತೇನೋ ನೀವು ಅವರ ಕಡೆ. ನಿಮ್ಮ ತಪ್ಪಲ್ಲ. ರಸ್ತೆಯಲ್ಲೂ ಹಾಗೇ.

ನನ್ನ ತೊಂದರೆ ಬೇರೆ. ಬಸ್ಸು ಓಡಿಸುತ್ತಿರುವುದು ನನ್ನ ಗಂಡ. ಸೈಕಲ್ಲಿನ ಮೇಲಿರುವುದು ನನ್ನ ಮಗಳು.

(ಇದನ್ನು ಬಚ್ಚಿಟ್ಟು ಕೊನೇ ಪ್ಯಾರಾದಲ್ಲಿ ಹೇಳಬೇಕಿತ್ತು ಎನ್ನುತ್ತೀರಿ. ಮೊದಲನೇ ಡ್ರಾಫ್ಟಿನಲ್ಲಿ ಹಾಗೇ ಮಾಡಿದ್ದೆ. ಆದರೆ ಮೂರು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದವಳು ನಾನು. ನಿಮಗೂ ಆ ಕಾಟ ಯಾಕೆ?)

೨

ಹಾಗಾಗಿ ಅಡುಗೆಮನೆಯಿಂದ ಶುರು. ಅಲ್ಲಿ ಚಕ್ರವಿರುವುದು ಸಿಲಿಂಡರಿನ ಸ್ಟ್ಯಾಂಡಿಗೆ ಮಾತ್ರ.

ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ. ಊಟದ ಮೇಜಿನ ಮೇಲೆ ಪ್ರೂಫ್ ಹರಡಿಕೊಂಡು ಕೂತಿದ್ದೆ. ಒಂದು ಮುದ್ರಣಾಲಯಕ್ಕೆ ಪ್ರೂಫ್ ನೋಡಿಕೊಡುವುದು ನನ್ನ ಕೆಲಸ. ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆಯುವುದರಲ್ಲಿ ನಾನು ನಿಸ್ಸೀಮಳು. ನಡುನಡುವೆ ಕಥೆ ಬರೆಯುತ್ತೇನೆ. ಎರಡು ಸಂಕಲನ ಬಂದಿವೆ. ಪ್ರತಿಗಳೆಲ್ಲ ಅಟ್ಟದ ಮೇಲೆ ಕ್ಷೇಮವಾಗಿವೆ.

ಮಗಳ ಫೋನು ಬಂತು.

"ಅಮ್ಮಾ, ಬೈಬೇಡ. ಬಿದ್ದೆ."

ಅವಳು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೆಲಸಕ್ಕೆ ಹತ್ತಿರವೆಂದು ಬೇರೆ ರೂಮು ಮಾಡಿಕೊಂಡಿದ್ದಾಳೆ, ಭಾನುವಾರ ಮನೆಗೆ ಬರುತ್ತಾಳೆ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ದಂತ ಆಸ್ಪತ್ರೆಯ ತಿರುವಿನಲ್ಲಿ, ಒಂದು ಬಸ್ಸು ಬಲಗಡೆಯಿಂದ ಅವಳನ್ನು ದಾಟುತ್ತಾ ದಾಟುತ್ತಾ ಎಡಕ್ಕೆ ಬಂತಂತೆ. ಇನ್ನೂ ಎಡಕ್ಕೆ. ಫುಟ್‌ಪಾತಿಗೂ ಬಸ್ಸಿಗೂ ನಡುವೆ ಅವಳ ಹ್ಯಾಂಡಲ್ ಹಿಡಿಸುವಷ್ಟೂ ಜಾಗ ಉಳಿಯಲಿಲ್ಲ.

"ಕೈಯಿಂದ ದಬದಬ ಅಂತ ಬಸ್ಸಿಗೆ ಹೊಡೆದೆ ಅಮ್ಮಾ. ನಾನಿಲ್ಲಿದ್ದೀನಿ ಅಂತ ಹೇಳೋಕೆ ಬೇರೆ ದಾರಿ ಇರ್ಲಿಲ್ಲ. ಅವನು ನಿಲ್ಲಿಸ್ಲೇ ಇಲ್ಲ. ಫುಟ್‌ಪಾತ್ ಅಂಚಿಗೆ ಚಕ್ರ ತಾಗಿ ಬಿದ್ದೆ. ಬಲಗೈ ಮಣಿಕಟ್ಟು ಉಳುಕಿದೆ. ಹದಿನೈದು ದಿನ ಸೂಜಿ ಮುಟ್ಟೋ ಹಾಗಿಲ್ಲ ಅಂದ್ರು."

"ತಲೆಗೆ ಏನಾದ್ರೂ..."

"ತಲೆಗೇನಾಗಿಲ್ಲ. ತಲೇಲಿ ನಂಬರ್ ಇದೆ. ಬಸ್ಸಿನ ಹಿಂದೆ ದೊಡ್ಡದಾಗಿ ಬರೆದಿತ್ತು, ನಾಲ್ಕುನೂರ ಹದಿನೇಳು. ಬೇಕು ಅಂತಲೇ ಮಾಡಿದ್ದು ಅಮ್ಮಾ. ಅವರಿಗೆ ನಾವು ಮನುಷ್ಯರೇ ಅಲ್ಲ. ರಸ್ತೇಲಿರೋ ಗುಂಡಿ ಕಂಡ್ರಾದ್ರೂ ಬ್ರೇಕ್ ಹಾಕ್ತಾರೆ." ದನಿ ತಗ್ಗಿಸಿ ಹೇಳಿದಳು, "ಅಪ್ಪನ ಹತ್ರ ಕೇಳು, ಇವತ್ತು ಆ ಗಾಡಿ ಯಾರು ಓಡಿಸಿದ್ದು ಅಂತ. ಶುಕ್ರವಾರದೊಳಗೆ ಕಂಪ್ಲೇಂಟ್ ಕೊಡ್ಬೇಕು. ಆದ್ರೆ ನಾನು ಬಿದ್ದೆ ಅಂತ ಹೇಳ್ಬೇಡ. 'ಸೈಕಲ್ಲು ಬೇಡ ಅಂತ ನಾನು ಮೊದಲೇ ಹೇಳಿರ್ಲಿಲ್ವಾ' ಅಂತ ಶುರು ಮಾಡ್ತಾರೆ."

೩

ನಾಲ್ಕು ಗಂಟೆಗೆ ಅವರು ಬಂದರು. ಇಪ್ಪತ್ತೆಂಟು ವರ್ಷದ ಸರ್ವಿಸು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಶೂ ಬಿಚ್ಚುತ್ತಲೇ ಶುರುಮಾಡಿದರು.

"ಇವತ್ತು ಎಡಮಗ್ಗುಲಲ್ಲಿ ಎದ್ದೆ ಅಂತ ಕಾಣ್ಸುತ್ತೆ. ನನ್ನ ಗಾಡಿ ರಿಪೇರಿಗೆ ಹೋಗಿದೆ. ಆ ಹಾಳು ನಾಲ್ಕುನೂರ ಹದಿನೇಳನ್ನ ತಲೆಗೆ ಕಟ್ಟಿದ್ರು. ರೂಟೂ ಬೇರೆ."

ನನ್ನ ಕೈಯಲ್ಲಿ ಸಕ್ಕರೆ ಡಬ್ಬವಿತ್ತು. ಅದನ್ನು ಹಿಡಿದುಕೊಂಡೇ ನಿಂತೆ.

"ದಂತ ಆಸ್ಪತ್ರೆ ಹತ್ರ ಒಬ್ಳು ಸೈಕಲ್ಲಿನೋಳು. ಕಿತ್ತಳೆ ಬಣ್ಣದ ಜಾಕೆಟ್ಟು, ಮುಖಕ್ಕೆ ಮಾಸ್ಕು. ಬಸ್ಸಿಗೇ ಹೊಡೆದ್ಳು ಕಣೇ, ದಬದಬ ಅಂತ! ಅವರಪ್ಪನ ಮನೆ ಬಾಗಿಲು ತಟ್ಟಿದ ಹಾಗೆ. ಒಳಗೆ ನಲವತ್ತು ಜನ, ಆಗ್ಲೇ ಆರು ನಿಮಿಷ ಲೇಟು. ಇವಳೊಬ್ಬಳಿಗೆ ರಸ್ತೆ ಪೂರ್ತಿ ಬರೆದುಕೊಟ್ಟಿದ್ದಾರಾ?"

"ನೀವು ನೋಡ್ಲಿಲ್ವಾ ಅವಳನ್ನ?"

"ಎಲ್ಲಿಂದ ಬಂದ್ಳೋ! ಕನ್ನಡಿ ನೋಡಿದಾಗ ಇರ್ಲಿಲ್ಲ. ಆಮೇಲೆ ಇದ್ಳು. ಅಷ್ಟೇ."

ಅವಳು ಬಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಇದನ್ನು ನೀವು ನಂಬಬೇಕು. (ನಂಬಿ ಎಂದು ಬೇಡಿಕೊಳ್ಳುವ ಕಥೆಗಾರ್ತಿಯನ್ನು ಯಾವ ವಿಮರ್ಶಕರೂ ಕ್ಷಮಿಸುವುದಿಲ್ಲ. ಇರಲಿ.) ಜಾಕೆಟ್ಟು ಹೊಸದು, ಸೈಕಲ್ಲು ಅವಳ ಗೆಳತಿಯದು. ಮಗಳೆಂದು ಗುರುತು ಹಿಡಿಯಲು ಅವರಿಗೆ ಏನೂ ಉಳಿದಿರಲಿಲ್ಲ.

ಚಹಾ ಇಟ್ಟೆ. ಅವರು ಕೈ ಚಾಚಿದರು. ಎಡಗೈ ಲೋಟಕ್ಕೆ ಬಡಿದು ಚಹಾ ಪ್ರೂಫಿನ ಮೇಲೆಲ್ಲ ಹರಿಯಿತು.

"ಇಲ್ಲಿ ಯಾಕಿಟ್ಟೆ?" ಎಂದರು.

ಲೋಟ ಎಂದಿನ ಜಾಗದಲ್ಲೇ ಇತ್ತು.

೪

ಈ ಭಾಗ ಬರೆಯಲು ನಾಚಿಕೆಯಾಗುತ್ತಿದೆ.

ಎರಡು ತಿಂಗಳ ಹಿಂದೆ ಒಂದು ಪತ್ರಿಕೆಯಲ್ಲಿ ನನ್ನ ಹಾಸ್ಯಲೇಖನ ಬಂದಿತ್ತು. ಊರೆಲ್ಲ ಬಸ್ಸು ನುಗ್ಗಿಸುವ ನಮ್ಮ ಯಜಮಾನರಿಗೆ ಸ್ವಂತ ಮನೆಯ ಬಾಗಿಲಲ್ಲಿ ನುಗ್ಗಲು ಬರುವುದಿಲ್ಲ, ದಿನಕ್ಕೊಮ್ಮೆ ಎಡಭುಜ ಚೌಕಟ್ಟಿಗೆ ತಾಗುತ್ತದೆ ಎಂದು ಬರೆದಿದ್ದೆ. ಪೇಪರನ್ನು ಓರೆಯಾಗಿ ಹಿಡಿದು ಓದುವುದು, ಎಡಕ್ಕೆ ನಿಂತ ಸಂಪಾದಕರ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡದೆ ಹೋದದ್ದು, ಎಲ್ಲ ಸೇರಿಸಿದ್ದೆ. ಜನ ನಕ್ಕರು. ಅವರೂ ನಕ್ಕರು.

ಸೋಮವಾರ ಚಹಾ ಒರೆಸುವಾಗ ಆ ಲೇಖನ ಸಾಲುಸಾಲಾಗಿ ನೆನಪಾಯಿತು. ಅದರಲ್ಲಿ ಹಾಸ್ಯ ಇರಲಿಲ್ಲ. ಅದು ವೈದ್ಯರಿಗೆ ಕೊಡಬೇಕಾದ ಪಟ್ಟಿಯಾಗಿತ್ತು. ನನ್ನ ಗಂಡನಿಗೆ ಎಡಗಡೆ ಕಾಣುತ್ತಿಲ್ಲ.

ಹೇಳಿದರೆ ಅವರ ಸ್ಟಿಯರಿಂಗ್ ಹೋಗುತ್ತದೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಅವರ ಎಡಕ್ಕೆ ಯಾರ ಮಗಳಿರುತ್ತಾಳೋ.

೫, ೬, ೭ (ಮೂರೂ ಹೊಡೆದು ಹಾಕಿದ್ದು)

ನಾನು ಏನು ಮಾಡಿದೆ? ಕಥೆ ಬರೆಯಲು ಕೂತೆ. ನಗಬೇಡಿ. ಬಾಯಿ ಬಾರದವರು ಮಾಡುವುದು ಇದನ್ನೇ.

ಒಂದು ಡ್ರಾಫ್ಟಿನಲ್ಲಿ ಡ್ರೈವರನ್ನು ದುಷ್ಟನನ್ನಾಗಿ ಮಾಡಿದೆ. ಮೀಸೆ ಇಟ್ಟೆ, ಬಾಯಲ್ಲಿ ಬೈಗುಳ ತುರುಕಿದೆ. ಎರಡನೇ ಪುಟಕ್ಕೆ ಆತ ಶೂ ಬಿಚ್ಚಿ, ಸಾಕ್ಸನ್ನು ಮಡಿಚಿ ಶೂ ಒಳಗಿಟ್ಟ. ನನ್ನ ಗಂಡ ಮಾಡುವುದು ಹಾಗೇ. ಮುಂದೆ ಬೈಯಲು ಆಗಲಿಲ್ಲ.

ಇನ್ನೊಂದರಲ್ಲಿ ಹುಡುಗಿಯ ಕಿವಿಗೆ ಇಯರ್‌ಫೋನ್ ಹಾಕಿದೆ, ತಪ್ಪು ಅವಳ ಮೇಲೆ ಬರಲಿ ಎಂದು. ಹುಡುಗಿ ಒಪ್ಪಲಿಲ್ಲ. "ನಾನು ಯಾವತ್ತಾದ್ರೂ ಹಾಕ್ಕೊಂಡು ಓಡಿಸಿದ್ದೀನಾ?" ಎಂದು ನನ್ನ ಮಗಳ ದನಿಯಲ್ಲೇ ಕೇಳಿದಳು.

ಮೂರನೆಯದರಲ್ಲಿ ಮಂಜು ತಂದೆ. ದಟ್ಟವಾದ ಮಂಜು, ಯಾರಿಗೂ ಯಾರೂ ಕಾಣುವುದಿಲ್ಲ. ಮಂಜಿನ ಮೇಲೆ ಯಾರೂ ಕಂಪ್ಲೇಂಟ್ ಕೊಡುವುದಿಲ್ಲ ನೋಡಿ. ಅದೇ ಚೆನ್ನಾಗಿ ಬಂದಿತ್ತು. ಅದನ್ನೇ ಮೊದಲು ಹರಿದೆ.

೮

ಮಂಗಳವಾರ ಅವರು ಕೆಲಸಕ್ಕೆ ಹೋದರು. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ನಾನು ಒಂದಕ್ಷರವೂ ತಿದ್ದಲಿಲ್ಲ, ಫೋನನ್ನೇ ನೋಡುತ್ತಾ ಕೂತೆ. ಮಗಳು ಮೆಸೇಜು ಕಳಿಸಿದಳು: "ಕೇಳಿದ್ಯಾ?" "ಮರೆತೆ" ಎಂದು ಬರೆದೆ.

ಬುಧವಾರ ಅವರಿಗೆ ರಜೆ. ಒಂದು ದಿನವಾದರೂ ಉಸಿರಾಡಬಹುದು ಎಂದುಕೊಂಡೆ. ಸೋಫಾದ ಮೇಲೆ ಕೂತು ಫೋನ್ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನಕ್ಕರು.

"ಇಲ್ನೋಡೇ, ನಮ್ಮ ಡಿಪೋ ಗ್ರೂಪಲ್ಲಿ. ನನ್ನ ಹಿಂದಿನ ಗಾಡಿಯೋನು ಹಾಕಿದ್ದಾನೆ. ಆವತ್ತು ಆ ಕಿತ್ತಳೆ ಜಾಕೆಟ್ಟಿನೋಳು ಬಿದ್ದಿದ್ಳಂತೆ. 'ಕಿತ್ತಳೆ ಹಣ್ಣು ರಸ್ತೆಗೆ ಬಿದ್ರೆ ಏನಾಗುತ್ತೆ?' ಅಂತ ಕೇಳಿದ್ದಾನೆ. ಎಲ್ಲರೂ 'ಜ್ಯೂಸು, ಜ್ಯೂಸು' ಅಂತ ಬರೆದಿದ್ದಾರೆ."

ಕೈ ಸಿಂಕಿನಲ್ಲಿತ್ತು. ನೀರು ಹಾಗೇ ಹರಿಯುತ್ತಿತ್ತು.

"ಬಿದ್ದಿದ್ಳಂತಾ?" ಎಂದೆ.

"ಹೂಂ." ನಗು ಅಷ್ಟಕ್ಕೇ ನಿಂತಿತು. "ಬಿದ್ದಿದ್ದು ನನಗೆ ಗೊತ್ತಾಗ್ಲಿಲ್ಲ. ಎದ್ದು ಹೋಗಿರ್ತಾಳೆ ಬಿಡು." ಫೋನ್ ಪಕ್ಕಕ್ಕಿಟ್ಟು, ನನ್ನನ್ನಲ್ಲ, ಗೋಡೆಯನ್ನು ಕೇಳಿದಂತೆ ಕೇಳಿದರು, "ಎದ್ದು ಹೋಗಿರ್ತಾಳೆ ಅಲ್ವಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿರಲಿಲ್ಲ. ನಲ್ಲಿ ನಿಲ್ಲಿಸಿದೆ. ಕೈ ಒರೆಸಿಕೊಂಡೆ. "ಊಟಕ್ಕೇನು ಮಾಡ್ಲಿ?" ಎಂದೆ.

(ಓದುಗರೇ, ನಿಮ್ಮ ಮುಖ ನನಗೆ ಕಾಣುತ್ತಿದೆ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಹೇಳಿಬಿಡುತ್ತಿದ್ದಿರಿ. ಸಂತೋಷ.)

೯

ಗುರುವಾರ ಪ್ರೂಫ್ ತಲುಪಿಸಲು ಮುದ್ರಣಾಲಯಕ್ಕೆ ಹೋಗಿದ್ದೆ. ಅವರದು ಮಧ್ಯಾಹ್ನದ ಪಾಳಿ. ಹನ್ನೊಂದಕ್ಕೆ ಮನೆಗೆ ಬಂದಾಗ ಯೂನಿಫಾರಂ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು. ಕೈಯಲ್ಲಿ ನನ್ನ ನೋಟ್‌ಬುಕ್ಕು. ಮುಖವನ್ನು ಎಡಕ್ಕೆ ತಿರುಗಿಸಿ, ಬೆರಳಿಟ್ಟು, ಸಾಲಿನ ಮೊದಲ ಪದವನ್ನು ಹುಡುಕಿ ಹುಡುಕಿ ಓದುತ್ತಿದ್ದರು.

ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಟ್ಟುಹೋದದ್ದು ಮರೆತೋ, ಬೇಕೆಂದೋ? ನನಗೇ ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ?

"ಈ ಡ್ರೈವರು ಹೀಗೆಲ್ಲ ಬೈತಾನಾ?" ಎಂದರು.

"ಅದು ಹೊಡೆದು ಹಾಕಿರೋದು."

"ಮೀಸೆ ಬೇರೆ ಇಟ್ಟಿದ್ದೀಯ."

"ಕಥೆ ಅಲ್ವಾ."

"ಬಿದ್ದ ಹುಡುಗಿ ರಕ್ತ ತೆಗೆಯೋಳು ಅಂತ ಬರೆದಿದ್ದೀಯ."

ನಾನು ಹೆಗಲಿನ ಚೀಲ ಇಳಿಸಿದೆ.

"ಅವಳೂ ಪಾತ್ರಾನಾ?"

ನೋಟ್‌ಬುಕ್ಕಿಗೆ ಕೈ ಚಾಚಿದೆ, ಅವರು ಬಿಡಲಿಲ್ಲ.

"ಪಾತ್ರದ ಕೈ ಈಗ ಹೇಗಿದೆ?"

ನಾನು ಹೋಗಿ ಎದುರು ಕೂತೆ. ಎಡಕ್ಕಲ್ಲ, ಬಲಕ್ಕಲ್ಲ, ನೇರ ಎದುರು. ಎಲ್ಲ ಹೇಳಿದೆ. ಮಣಿಕಟ್ಟು, ಹದಿನೈದು ದಿನ, ಶುಕ್ರವಾರ, ಲೋಟ, ಬಾಗಿಲು.

ಅವರು ನೋಟ್‌ಬುಕ್ಕು ಮುಚ್ಚಿದರು. ಆಮೇಲೆ ಹೇಳಿದರು, "ಆರು ತಿಂಗಳಿಂದ ಎಡಗಡೆ ಯಾರೋ ಪರದೆ ಎಳೆದ ಹಾಗಿದೆ. ಗೊತ್ತಿತ್ತು. ತಲೆ ಪೂರ್ತಿ ತಿರುಗಿಸಿ ನೋಡ್ಕೊಂಡು ಓಡಿಸ್ತಿದ್ದೆ. ಆವತ್ತು ಬೇರೆ ಗಾಡಿ, ಕನ್ನಡಿ ಬೇರೆ ಕಡೆ ಇತ್ತು, ಲೇಟಾಗಿತ್ತು... ತಿರುಗಿಸ್ಲಿಲ್ಲ." ಟೋಪಿಯನ್ನು ಮೇಜಿನ ಮೇಲಿಟ್ಟರು. "ಬೇರೆಯವರ ಮಗಳಾಗಿದ್ರೆ ಇವತ್ತೂ ಡ್ಯೂಟಿಗೆ ಹೋಗಿರ್ತಿದ್ದೆ ಕಣೇ. ಅದು ನೆನೆಸ್ಕೊಂಡ್ರೆ ಭಯ ಆಗುತ್ತೆ."

ನಾನೂ ಮೂರು ದಿನ ಸುಮ್ಮನಿದ್ದೆ, ನಡುವೆ ಅವರನ್ನು ಡ್ಯೂಟಿಗೂ ಕಳಿಸಿದ್ದೆ. ಮಂಗಳವಾರ ಬೆಳಿಗ್ಗೆ ಆ ರಸ್ತೆಯಲ್ಲಿ ಎಷ್ಟು ಸೈಕಲ್ಲುಗಳಿದ್ದವೋ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಿಪೋಗೆ ಫೋನ್ ಮಾಡಿ ಬರುವುದಿಲ್ಲ ಎಂದರು. ನಂತರ ಮಗಳ ರೂಮಿಗೆ ಹೊರಟೆವು, ಬಸ್ಸಿನಲ್ಲೇ. ಅವರು ಪ್ರಯಾಣಿಕರ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಲಗಾಲಿನಿಂದ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು.

ಮಗಳು ಬಾಗಿಲು ತೆರೆದಳು. ಕೈಗೆ ಬ್ಯಾಂಡೇಜು, ಹಿಂದೆ ಮಂಚದ ಮೇಲೆ ಕಂಪ್ಲೇಂಟ್ ಫಾರಂ.

"ಅಮ್ಮಾ! ಹೇಳ್ಬಿಟ್ಯಾ? ಅಪ್ಪಾ, ನೀವು ಶುರು ಮಾಡ್ಬೇಡಿ, ನಾನು ರಸ್ತೆ ಅಂಚಲ್ಲೇ ಇದ್ದೆ..."

"ಫಾರಂ ತಗೋ," ಎಂದರು ಅವರು. "ಡ್ರೈವರ್ ಹೆಸರು ಅಂತ ಜಾಗ ಇದ್ಯಲ್ಲ. ಹೇಳ್ತೀನಿ, ಬರ್ಕೋ."

ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಅವರು ತಮ್ಮ ಹೆಸರು ಹೇಳಿದರು. ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ನಗಲಿಲ್ಲ.

"ನಾನು ಅಷ್ಟು ಜೋರಾಗಿ ಹೊಡೆದೆ," ಎಂದಳು. "ಅಷ್ಟು ಜೋರಾಗಿ..."

"ಕೇಳಿಸ್ತು ಮಗಾ. ಬೈಕೊಂಡು ಮುಂದಕ್ಕೆ ಹೋದೆ."

೧೦

ಮುಕ್ತಾಯಗಳು. ಬೇಕಾದದ್ದನ್ನು ಆರಿಸಿಕೊಳ್ಳಿ.

ಕ) ಮಗಳು ಫಾರಂ ಹರಿಯುತ್ತಾಳೆ, ತಂದೆಯನ್ನು ತಬ್ಬಿಕೊಳ್ಳುತ್ತಾಳೆ. (ಅವಳು ಹರಿಯಲಿಲ್ಲ. "ಅಪ್ಪಾಂತ ಬಿಟ್ರೆ, ಮುಂದಿನ ಸಲ ಬೀಳೋರಿಗೆ ನಾನೇನು ಹೇಳ್ಲಿ?" ಎಂದಳು.)

ಖ) ಮಗಳು ಫಾರಂ ಕೊಡುತ್ತಾಳೆ, ತಂದೆಯ ಕೆಲಸ ಹೋಗುತ್ತದೆ, ಮನೆ ಒಡೆಯುತ್ತದೆ. (ಇನ್ನೂ ಕೊಟ್ಟಿಲ್ಲ. "ನಾನೇ ಡಿಪೋಗೆ ಹೋಗಿ ಹೇಳ್ತೀನಿ, ಮೊದಲು ಡಾಕ್ಟರು ಏನಂತಾರೋ ಕೇಳೋಣ" ಎಂದು ಅವರು ಬೇಡಿಕೊಂಡರು. ಅವಳು ಶುಕ್ರವಾರ ಸಂಜೆಯವರೆಗೆ ಟೈಮು ಕೊಟ್ಟಿದ್ದಾಳೆ.)

ಗ) ಡಿಪೋ ಗ್ರೂಪಿನಲ್ಲಿ ಅವರು ಒಂದು ಸಾಲು ಬರೆಯುತ್ತಾರೆ: "ಆ ಕಿತ್ತಳೆ ಹಣ್ಣು ನನ್ನ ಮಗಳು." (ಇದು ನಿಜವಾಗಿ ನಡೆಯಿತು, ನಿನ್ನೆ ಬಸ್ಸಿನಲ್ಲಿ ವಾಪಸ್ ಬರುವಾಗ. ನಲವತ್ತೆಂಟು ಜನ ಓದಿದ್ದಾರೆ. ಯಾರೂ ಉತ್ತರ ಬರೆದಿಲ್ಲ.)

೧೧

ಈಗ ಶುಕ್ರವಾರ ಬೆಳಿಗ್ಗೆ. ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವರು ಕತ್ತಲೆ ಕೋಣೆಯೊಳಗೆ ಹೋಗಿ ಅರ್ಧ ಗಂಟೆಯಾಯಿತು. ಮಗಳು ಪಕ್ಕದಲ್ಲಿದ್ದಾಳೆ, ಫಾರಂ ಅವಳ ಚೀಲದಲ್ಲಿದೆ.

"ಬರಿಯೋದು ನಿಲ್ಸಮ್ಮ. ನನಗೆ ಭಯ ಆಗ್ತಿದೆ."

"ನನಗೂ ಆಗ್ತಿದೆ. ಅದಕ್ಕೇ ಬರೀತಿರೋದು."

ಬಾಗಿಲು ತೆರೆಯಿತು. ಅವರು ಹೊರಗೆ ಬಂದು ಹೊಸ್ತಿಲ ಬಳಿ ನಿಂತರು, ಕೈಯಲ್ಲಿ ಒಂದು ಕಾಗದ. ನಾವು ಕೂತಿದ್ದದ್ದು ಅವರ ಎಡಕ್ಕೆ, ಹತ್ತು ಹೆಜ್ಜೆ ದೂರದಲ್ಲಿ. ಮಗಳು ಎದ್ದಳು. ನಾನು ಅವಳ ಚೀಲ ಹಿಡಿದು ಜಗ್ಗಿದೆ.

"ತಡಿ. ಕರೀಬೇಡ."

ನಾವು ಕಾಣುತ್ತೇವೋ ಇಲ್ಲವೋ ನನಗೆ ಗೊತ್ತಾಗಬೇಕಿತ್ತು. ಡಾಕ್ಟರು ಏನೇ ಬರೆದಿರಲಿ, ಇದೊಂದು ಗೊತ್ತಾದರೆ ನಾನು ಕಥೆ ಮುಗಿಸಬಲ್ಲೆ. ಅವರು ಕಾಗದ ಮಡಿಚಿದರು. ಕತ್ತು ನಿಧಾನವಾಗಿ ಈ ಕಡೆ ತಿರುಗತೊಡಗಿತು. ಇನ್ನೊಂದೇ ಕ್ಷಣ.

"ಅಪ್ಪಾ!" ಎಂದು ಮಗಳು ಕೂಗಿಬಿಟ್ಟಳು.

ಅವರು ನಮ್ಮ ಕಡೆ ನೋಡಿ ಕೈ ಎತ್ತಿದರು. ಕಂಡು ಎತ್ತಿದರೋ, ಕೇಳಿ ಎತ್ತಿದರೋ.