ಕಿಟಕಿಯ ಜಾಗದಲ್ಲಿ ಕೂತವಳು

ಪುಟ್ಟಿಗೆ ಮೂವತ್ತೆಂಟು ತುಂಬಿದ್ದರೂ ಮನೆಯಲ್ಲಿ ಯಾರೂ ಆ ಹೆಸರನ್ನು ವಾಪಸ್ಸು ತೆಗೆದುಕೊಂಡಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಅಲ್ಲಿ ಅವಳು ‘ಮೇಡಂ’. ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳೋ, ಮತ್ತೆ ಪುಟ್ಟಿ. “ಪುಟ್ಟಿ, ನೀರು ತಾ.” “ಪುಟ್ಟಿ, ದೊಡ್ಡವರು ಮಾತಾಡ್ತಿದ್ದಾರೆ, ನಡುವೆ ಬಾಯಿ ಹಾಕಬೇಡ.”

ಅಪ್ಪ ಕಟ್ಟಡದ ಕಂಟ್ರಾಕ್ಟರ್. ಪೇಟೆಯ ಅರ್ಧ ಅಂಗಡಿಸಾಲು ಅವರ ಕೈಯಲ್ಲೇ ಎದ್ದದ್ದು. ಅಣ್ಣ ಚಿಕ್ಕವನಿದ್ದಾಗ ಅವನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕೆಲಸದ ಜಾಗಕ್ಕೆ ಕರೆದೊಯ್ಯುತ್ತಿದ್ದರು. ತಾನೂ ಬರುತ್ತೇನೆಂದು ಪುಟ್ಟಿ ಗೇಟು ಹಿಡಿದು ಅತ್ತರೆ, “ಅಲ್ಲಿ ಹೆಣ್ಮಕ್ಕಳಿಗೇನು ಕೆಲಸ? ಕಾಲಿಗೆ ಮೊಳೆ ಚುಚ್ಚುತ್ತೆ” ಎಂದು ಗಾಡಿ ಹೊರಡಿಸುತ್ತಿದ್ದರು. ಅಣ್ಣನಿಗೋ ಸಿಮೆಂಟಿನ ವಾಸನೆ ಕಂಡರಾಗದು. ಅವನು ಬೆಳೆದು ವಿಮಾ ಕಚೇರಿ ಸೇರಿದ. ಪುಟ್ಟಿಯ ಆಸೆ ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೇ ಉಳಿಯಿತು.

ಆ ಕೆಂಡಕ್ಕೆ ಗಾಳಿ ಹಾಕಿದ್ದು ಒಂದು ಕಂಪ್ಯೂಟರ್ ಆಟ. ಅಂಗಡಿಯ ಜೊತೆಗಾತಿ ತೋರಿಸಿಕೊಟ್ಟದ್ದು. ಅದರಲ್ಲಿ ಇಡೀ ಲೋಕವೇ ಚೌಕ ಚೌಕದ ಇಟ್ಟಿಗೆ: ಮಣ್ಣೂ ಇಟ್ಟಿಗೆ, ಮರವೂ ಇಟ್ಟಿಗೆ, ನೀರೂ ಇಟ್ಟಿಗೆ. ಅಗೆಯಬೇಕು, ಕಡಿಯಬೇಕು, ಮನಸ್ಸಿಗೆ ಬಂದದ್ದನ್ನು ಕಟ್ಟಬೇಕು. ಬೇರೆ ಬೇರೆ ಊರುಗಳ ಒಂದಷ್ಟು ಜನ ಸೇರಿ ಒಂದೇ ಲೋಕದಲ್ಲಿ ಕಟ್ಟುತ್ತಿದ್ದರು. ಭಾನುವಾರ ಮಧ್ಯಾಹ್ನ ಎಲ್ಲರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಒಂದೆಡೆ ಸೇರಿ, ಆ ವಾರ ತಾವು ಕಟ್ಟಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ತೋರಿಸುತ್ತಾ ತೋರಿಸುತ್ತಾ ಮನೆಯ ಕಥೆ, ಕೆಲಸದ ಕಥೆ, ಮೈಕೈ ನೋವಿನ ಕಥೆ ಎಲ್ಲ ಹೊರಗೆ ಬರುತ್ತಿತ್ತು.

ಅವರಲ್ಲಿ ಪುಟ್ಟಿಗೆ ಹತ್ತಿರದವರು ಇಬ್ಬರು. ಒಬ್ಬಳು ‘ಕಪ್ಪೆ’. ಕಿಟಕಿಗೆ ಕಬ್ಬಿಣದ ಸರಳು ಬೆಸೆಯುವ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಗಟ್ಟಿ ಗಂಟಲಿನ ಹೆಂಗಸು. ಆಟದಲ್ಲಿ ಹಸಿರು ಕಪ್ಪೆಯ ವೇಷ. ಇನ್ನೊಬ್ಬರು ‘ಮೇಷ್ಟ್ರು’, ನಿವೃತ್ತರಾದ ಮೇಲೆ ಆಟ ಕಲಿತವರು. ಅವರು ಸೇತುವೆ ಬಿಟ್ಟು ಬೇರೇನೂ ಕಟ್ಟಿದವರಲ್ಲ. ನೀರಿಲ್ಲದ ಕಡೆಯೂ ಸೇತುವೆ ಕಟ್ಟಿ, “ನೀರು ಬೇಕಾದ್ರೆ ಆಮೇಲೆ ಬರ್ಲಿ” ಎನ್ನುತ್ತಿದ್ದರು. ಪುಟ್ಟಿಯನ್ನು ಅಲ್ಲಿ ಎಲ್ಲರೂ ‘ಗಾರೆ’ ಎಂದು ಕರೆಯುತ್ತಿದ್ದರು. ಆ ಹೆಸರು ಅವಳೇ ಇಟ್ಟುಕೊಂಡದ್ದು.

“ಈ ವಯಸ್ಸಲ್ಲಿ ಮಣ್ಣಾಟ ಆಡ್ತಾಳೆ ನೋಡಿ” ಎಂದು ಅಣ್ಣ ನೆಂಟರ ಮುಂದೆ ನಗುತ್ತಿದ್ದ. ಪುಟ್ಟಿ ಕೇಳಿಯೂ ಕೇಳದವಳಂತೆ ಇದ್ದಳು, ಅಪ್ಪ ಮಹಡಿ ಕಟ್ಟಲು ಹೊರಡುವ ತನಕ.

ಮಹಡಿಯ ನಕ್ಷೆಯನ್ನು ಅಪ್ಪ ಊಟದ ಮೇಜಿನ ಮೇಲೆ ಹರಡಿದರು. ದೊಡ್ಡ ಎರಡು ಕೋಣೆ, ಬಾಲ್ಕನಿ, ಅದೆಲ್ಲ ಅಣ್ಣನ ಸಂಸಾರಕ್ಕೆ. ಮೆಟ್ಟಿಲ ಪಕ್ಕ, ನೀರಿನ ಟ್ಯಾಂಕಿಗೆ ಒತ್ತಿಕೊಂಡು ಉಳಿದ ಮೂಲೆ ಪುಟ್ಟಿಗೆ.

“ನನ್ನ ಕೋಣೆಗೆ ಕಿಟಕಿ ಎಲ್ಲಿ ಅಪ್ಪಾ?”

“ಪೂರ್ವದ ಕಡೆ ತೆಗೆದ್ರೆ ನಿಮ್ಮಣ್ಣನ ಬಾಲ್ಕನಿಗೆ ಎದುರಾಗುತ್ತೆ. ಅವರಿಗೆ ಮರೆ ಇರಲ್ಲ. ನಿಂಗೇನು, ಮಲಗೋಕೆ ತಾನೇ? ಫ್ಯಾನ್ ಹಾಕಿಸ್ತೀನಿ, ಲೈಟ್ ಹಾಕಿಸ್ತೀನಿ.”

ಪುಟ್ಟಿ ಜಗಳ ಆಡಲಿಲ್ಲ. ತನ್ನ ಕೋಣೆಯನ್ನು ಆಟದೊಳಗೆ ತಾನೇ ಕಟ್ಟಿದಳು. ಪೂರ್ವಕ್ಕೆ ಅಗಲವಾದ ಕಿಟಕಿ, ಅದರ ಕೆಳಗೆ ಮೇಜು. ಕಟ್ಟಿ ಮುಗಿಸಿ, ಒಂದು ಸಂಜೆ ಹಾಲ್‌ನ ಟಿವಿಗೆ ಜೋಡಿಸಿ ಮನೆಯವರಿಗೆ ತೋರಿಸಿದಳು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು.

“ಚಾವಣಿ ಯಾವುದರ ಮೇಲೆ ನಿಂತಿದೆ?”

ಪುಟ್ಟಿ ನೋಡಿದಳು. ಆ ಆಟದಲ್ಲಿ ಕೆಳಗಿನ ಗೋಡೆ ತೆಗೆದರೂ ಮೇಲಿನ ಇಟ್ಟಿಗೆ ಬೀಳುವುದಿಲ್ಲ. ಕಿಟಕಿ ಅಗಲ ಮಾಡುವ ಭರದಲ್ಲಿ ಒಂದು ಮೂಲೆಯ ಗೋಡೆಯನ್ನೇ ಕಿತ್ತುಹಾಕಿದ್ದಳು. ಅವಳ ಚಾವಣಿ ಗಾಳಿಯಲ್ಲಿ ತೇಲುತ್ತಿತ್ತು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಜೋರಾಗಿ ನಗಲಿಲ್ಲ. “ಮನೆ ಕಟ್ಟೋದು ಅಂದ್ರೆ ಮಕ್ಕಳಾಟ ಅಲ್ಲ ಪುಟ್ಟಿ” ಎಂದು ಎದ್ದು ಹೋದರು. ಅಣ್ಣನ ನಗುವಿಗಿಂತ ಅದೇ ಹೆಚ್ಚು ಉರಿಯಿತು.

ಭಾನುವಾರ ಗೆಳೆಯರ ಮುಂದೆ ಎಲ್ಲ ತೋಡಿಕೊಂಡಳು. ಅಪ್ಪನಿಗೆ ಬೈಯುತ್ತಾರೆ, ತನಗೆ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಗಾರೆ, ನಿಮ್ಮಪ್ಪ ಹೇಳಿದ್ದು ಸರಿ ಇದೆಯಮ್ಮ. ಸರಿಯಾದ್ದನ್ನ ಇಟ್ಕೋ. ನಗುವನ್ನ ಅವರಿಗೇ ವಾಪಸ್ ಕೊಡು.”

“ಏಳು, ಮತ್ತೆ ಕಟ್ಟೋಣ,” ಎಂದಳು ಕಪ್ಪೆ. “ಈ ಸಲ ನಿಜವಾಗ್ಲೂ ನಿಲ್ಲೋ ಥರ. ತೇಲೋ ಇಟ್ಟಿಗೆ ಒಂದು ಕಂಡ್ರೂ ನಾನೇ ಒಡೀತೀನಿ.”

ಕಟ್ಟಿದರು. ಕಿಟಕಿಯ ಮೇಲೆ ಭಾರ ಹೊರುವುದಕ್ಕೆ ಲಿಂಟಲ್ ಬೇಕು, ಅದು ಎರಡೂ ಕಡೆ ಗೋಡೆಯೊಳಗೆ ಚೆನ್ನಾಗಿ ಕೂರಬೇಕು ಎಂದು ಕಪ್ಪೆ ತನ್ನ ಕೆಲಸದ ಅನುಭವ ಹೇಳಿಕೊಟ್ಟಳು. ಮುಗಿದ ಮೇಲೆ ಮೂವರೂ ಒಳಗೆ ನಿಂತು ಆಟದ ಸೂರ್ಯ ಹುಟ್ಟುವುದನ್ನು ಕಾದರು. ಬೆಳಕು ಕಿಟಕಿಯಿಂದ ಇಳಿದು ಹಾಸಿಗೆಯ ತನಕ ಬಂತು.

ಆಮೇಲೆ ಕಪ್ಪೆ ಕಿತಾಪತಿ ತೆಗೆದಳು: “ನಿಮ್ಮಪ್ಪ ನಿಂಗೆ ಕೊಟ್ಟ ಕೋಣೇನೂ ಪಕ್ಕದಲ್ಲೇ ಕಟ್ಟಿ ನೋಡೋಣ.” ಅಪ್ಪನ ನಕ್ಷೆಯಂತೆಯೇ ಕಟ್ಟಿದರು, ಕಿಟಕಿಯಿಲ್ಲದೆ. ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಆಟದಲ್ಲಿ ಒಂದು ಕಟ್ಟಳೆಯಿದೆ: ಎಲ್ಲಿ ಕತ್ತಲೆಯೋ ಅಲ್ಲಿ ಭೂತ ಹುಟ್ಟುತ್ತದೆ, ಅದರ ಕೈಗೆ ಸಿಕ್ಕವರು ಮಾಯ. ಸ್ವಲ್ಪ ಹೊತ್ತಿಗೆ ಒಳಗಿಂದ “ಅಯ್ಯಯ್ಯೋ!” ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ಮೇಷ್ಟ್ರೇ ಇಲ್ಲ. ಎರಡು ಭೂತಗಳು ಕೈ ಚಾಚಿಕೊಂಡು ಹೊರಗೆ ಬಂದವು. ಕಪ್ಪೆ ನಕ್ಕೂ ನಕ್ಕೂ ಕೆಮ್ಮಿದಳು.

“ಕತ್ತಲಿಗೆ ಭೂತ ಬಂತು!” ಎಂದು ಪುಟ್ಟಿ ಹೆಡ್‌ಫೋನ್ ತೆಗೆದಾಗ ಬೆನ್ನ ಹಿಂದೆಯೂ ಒಂದು ನಗು ಕೇಳಿಸಿತು. ಒಗೆದ ಬಟ್ಟೆ ಮಡಚುತ್ತಾ ಅಮ್ಮ ನೋಡುತ್ತಿದ್ದರು.

“ಕತ್ತಲಿದ್ರೆ ಭೂತ ಬರುತ್ತಾ? ಹಾಗಾದ್ರೆ ನನ್ನ ಅಡಿಗೆಮನೇಲಿ ಒಂದು ಹಿಂಡೇ ಇರಬೇಕು” ಎಂದರು.

ಅಡಿಗೆಮನೆಗೆ ಮೊದಲು ಕಿಟಕಿ ಇತ್ತು. ಅಪ್ಪ ಮೆಟ್ಟಿಲು ಕಟ್ಟುವಾಗ ಅದನ್ನು ಮುಚ್ಚಿದರು. ಬೇರೆ ಕಡೆಗೊಂದು ಆಮೇಲೆ ತೆಗೆಸಿಕೊಡುತ್ತೇನೆ ಅಂದಿದ್ದರು. ಆಗ ಪುಟ್ಟಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಅಮ್ಮ ಹಾಡಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಬೇಯಿಸುತ್ತಿದ್ದರು.

ಪುಟ್ಟಿ ಹೊಸ ಕೋಣೆಯನ್ನು ಮತ್ತೆ ಅಪ್ಪನಿಗೆ ತೋರಿಸಿದಳು. ಲಿಂಟಲ್, ಗೋಡೆ, ಎಲ್ಲ ಇತ್ತು. ಅಪ್ಪನಿಗೆ ಹುಡುಕಿದರೂ ತಪ್ಪು ಸಿಗಲಿಲ್ಲ. ಅದಕ್ಕೇ ಸಿಟ್ಟು ಬಂತು. “ನಕ್ಷೆ ಆಗಿದೆ, ಮೇಸ್ತ್ರಿಗೂ ಹೇಳಿ ಆಗಿದೆ. ಸುಮ್ನಿರು.”

“ಗೋಡೆ ಏಳೋಕೆ ಮುಂಚೆ ಜಗಳ ಆಡು,” ಎಂದಳು ಕಪ್ಪೆ ಫೋನಿನಲ್ಲಿ. “ಎದ್ದ ಮೇಲೆ ಆಡಿದ್ರೆ ಅದು ಜಗಳ ಅಲ್ಲ, ಬರೀ ಗೊಣಗಾಟ.”

ಪುಟ್ಟಿ ಅಂಗಡಿಗೆ ರಜೆ ಹೇಳಿದಳು. ಪೂರ್ವದ ಗೋಡೆ ಸೊಂಟದ ಎತ್ತರಕ್ಕೆ ಬರುವ ತನಕ ಮೆಟ್ಟಿಲ ಮೇಲೆ ನಿಂತು ಕಾದಳು. ಅಷ್ಟು ಬಂದದ್ದೇ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ಡ್ರಮ್ಮಿನ ಮೇಲೆ ಕಾಲಿಟ್ಟು ಹತ್ತಿ, ಗೋಡೆಯ ನಟ್ಟನಡುವೆ ಕಾಲು ಇಳಿಬಿಟ್ಟು ಕೂತಳು. ಹಸಿ ಸಿಮೆಂಟು ಸೀರೆಗೆ ತಣ್ಣಗೆ ಅಂಟಿತು.

ಮೇಸ್ತ್ರಿ ಕರಣೆ ಹಿಡಿದವನು ಹಾಗೇ ನಿಂತ. “ಅಕ್ಕಾ, ಇದೇನು?”

“ಕಿಟಕಿ,” ಎಂದಳು ಪುಟ್ಟಿ.

“ಯಜಮಾನ್ರು ಗೋಡೆ ಅಂದಿದ್ದಾರಲ್ಲ...”

“ಅವರನ್ನೇ ಕರೀರಿ.”

ಅಪ್ಪ ಬಂದರು, ಹಿಂದೆಯೇ ಅಣ್ಣ. ಆಳುಗಳು ಬಾಂಡಲಿ ಕೆಳಗಿಟ್ಟು ಸಾಲಾಗಿ ನಿಂತರು.

“ಇಳಿ ಕೆಳಗೆ. ನಾಲ್ಕು ಜನರ ಮುಂದೆ ಮಾನ ಕಳೀಬೇಡ.”

“ಇಳಿಯಲ್ಲ ಅಪ್ಪಾ. ಇಲ್ಲಿ ಕಿಟಕಿ ಬರಬೇಕು. ಇಲ್ದಿದ್ರೆ ಇಲ್ಲಿ ನಾನಿರ್ತೀನಿ.”

“ಪುಟ್ಟಿ, ನಮ್ಮ ಬಾಲ್ಕನಿಗೆ ಮರೆ...” ಎಂದು ಅಣ್ಣ ಶುರುಮಾಡಿದ.

“ನಿನ್ನ ಬಾಲ್ಕನಿಗೆ ಪರದೆ ಹಾಕ್ಕೋ. ನನ್ನ ಮುಖಕ್ಕೆ ಗೋಡೆ ಕಟ್ಟಬೇಡ.”

ಆಳೊಬ್ಬ ನಗು ತಡೆಯಲಾರದೆ ತಿರುಗಿ ನಿಂತ. ಅಪ್ಪನ ಮುಖ ಕೆಂಪಾಯಿತು. ಎಷ್ಟೋ ಕಟ್ಟಡ ಎಬ್ಬಿಸಿದವರು, ಎಷ್ಟೋ ಆಳುಗಳನ್ನು ಗದರಿಸಿದವರು. ಮಗಳನ್ನು ಕೈ ಹಿಡಿದು ಎಳೆಯಲು ಅವರಿಗೂ ಮನಸ್ಸು ಬರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ ಕೂಗಿದರು: “ಕೂತ್ಕೊಳ್ಳಲಿ! ಎಷ್ಟೊತ್ತು ಕೂರ್ತಾಳೋ ನೋಡೇ ಬಿಡ್ತೀನಿ. ಅವಳನ್ನ ಬಿಟ್ಟು ಆ ಕಡೆ ಈ ಕಡೆ ಕಟ್ಕೊಂಡು ಹೋಗಿ!”

ದಡದಡನೆ ಇಳಿದು ಹೋದರು. ಮೇಸ್ತ್ರಿ ಒಮ್ಮೆ ಪುಟ್ಟಿಯನ್ನು ನೋಡಿದ, ಒಮ್ಮೆ ಮೆಟ್ಟಿಲನ್ನು ನೋಡಿದ. ಆಮೇಲೆ ಯಜಮಾನರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಅವಳ ಬಲಕ್ಕೆ ಒಂದು ಸಾಲು, ಎಡಕ್ಕೆ ಒಂದು ಸಾಲು.

ಬಿಸಿಲು ಏರಿತು. ಬೆನ್ನು ಹಿಡಿದುಕೊಂಡಿತು, ಕಾಲಿಗೆ ಜೋಮು ಹತ್ತಿತು. ಇದೆಂಥ ಹುಚ್ಚು, ಇಳಿದುಬಿಡಲೇ ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆಗ ಅಮ್ಮ ಊಟದ ಡಬ್ಬಿ ಹಿಡಿದು ಮೇಲೆ ಬಂದರು. ಮಗಳನ್ನು ನೋಡಿದರು, ಎರಡೂ ಕಡೆ ಏಳುತ್ತಿದ್ದ ಗೋಡೆಯನ್ನು ನೋಡಿದರು.

“ಸ್ವಲ್ಪ ಆ ಕಡೆ ಸರಿ.”

“ಅಮ್ಮಾ, ನೀನು ಯಾಕೆ...”

“ಸರಿ ಅಂದ್ನಲ್ಲ.”

ಒಬ್ಬ ಆಳು ಕೈ ಕೊಟ್ಟ. ಅಮ್ಮ ಉಸ್ಸೆಂದು ಹತ್ತಿ ಪಕ್ಕದಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದರು. ಅಮ್ಮ ಸ್ವಲ್ಪ ತೋರ ಮೈಯವರು. ಮೇಸ್ತ್ರಿ ಆಗಷ್ಟೇ ಇಟ್ಟಿದ್ದ ಇಟ್ಟಿಗೆಗಳನ್ನು ಕಿತ್ತು ಹಿಂದಕ್ಕೆ ಸರಿಸಿದ. ತಾಯಿ ಮಗಳು ಅಲ್ಲೇ ಉಂಡರು, ಅಲ್ಲೇ ನೀರು ಕುಡಿದರು. ಮಧ್ಯಾಹ್ನವೆಲ್ಲ ಅಮ್ಮ ಆಳುಗಳ ಮನೆಯ ಸುದ್ದಿ ವಿಚಾರಿಸುತ್ತಾ, ಮದುವೆ ಮನೆಯ ಚಪ್ಪರದಲ್ಲಿ ಕೂತವರ ಹಾಗೆ ಆರಾಮವಾಗಿದ್ದರು.

ಸಂಜೆ ಅಪ್ಪ ಮೇಲೆ ಬಂದಾಗ ಗೋಡೆ ಎರಡೂ ಕಡೆ ಅವರ ತಲೆಗಿಂತ ಎತ್ತರಕ್ಕೆ ಎದ್ದಿತ್ತು. ನಡುವೆ ದೊಡ್ಡ ಬಾಯಿ. ಅದರಲ್ಲಿ ಹೆಂಡತಿ, ಮಗಳು, ಹಿಂದೆ ಆಕಾಶ. ಪುಟ್ಟಿ ಕೇಳಿದ್ದಕ್ಕಿಂತಲೂ ಅಗಲವಾದ ಕಿಟಕಿ ತಾನೇ ತಾನಾಗಿ ಆಗಿಹೋಗಿತ್ತು.

“ಯಾರು ಹೇಳಿದ್ದು ಹೀಗೆ ಕಟ್ಟೋಕೆ?”

“ನೀವೇ ಯಜಮಾನ್ರೇ,” ಎಂದ ಮೇಸ್ತ್ರಿ, ಕರಣೆ ತೊಳೆಯುತ್ತಾ. “ಅವರನ್ನ ಬಿಟ್ಟು ಆ ಕಡೆ ಈ ಕಡೆ ಕಟ್ಟಿ ಅಂದ್ರಿ.”

ಅಪ್ಪ ಗೋಡೆಯ ಈ ಅಂಚಿನಿಂದ ಆ ಅಂಚಿನ ತನಕ ನೋಟದಲ್ಲೇ ಅಳೆದರು. ಪುಟ್ಟಿ ಕಣ್ಣು ತಗ್ಗಿಸಲಿಲ್ಲ. ಬೈದರೆ ಬೈಯಲಿ, ಬೆಳಿಗ್ಗೆ ಮತ್ತೆ ಬಂದು ಕೂತರಾಯಿತು ಎಂದು ನಿಶ್ಚಯ ಮಾಡಿಯಾಗಿತ್ತು. ಕೊನೆಗೆ ಅಪ್ಪ ಅವಳನ್ನು ನೋಡದೆ, ಮೇಸ್ತ್ರಿಯ ಜೊತೆ ಮಾತ್ರ ಮಾತಾಡಿದರು. “ಇಷ್ಟು ಅಗಲಕ್ಕೆ ಮಾಮೂಲಿ ಲಿಂಟಲ್ ಸಾಲಲ್ಲ. ಕಬ್ಬಿಣ ಜಾಸ್ತಿ ಹಾಕು. ಬಿದ್ದರೆ ನನ್ನ ಹೆಸರು ಕೆಡುತ್ತೆ.”

ಪುಟ್ಟಿ ಥ್ಯಾಂಕ್ಸ್ ಹೇಳಲಿಲ್ಲ. ತನ್ನ ಕೋಣೆಯ ಬೆಳಕಿಗೆ ಯಾಕೆ ಹೇಳಬೇಕು? ಜೋಮು ಹಿಡಿದ ಕಾಲು ಕೊಡವಿಕೊಂಡು ಇಳಿದಳು. ಭಾನುವಾರ ನಡೆದದ್ದನ್ನೆಲ್ಲ ಹೇಳಿದಾಗ ಕಪ್ಪೆ ಕಿವಿ ಕಿತ್ತುಹೋಗುವ ಹಾಗೆ ಕೂಗಿದಳು, ಸರಳನ್ನು ತಾನೇ ಬೆಸೆದು ಕಳಿಸುತ್ತೇನೆಂದು ಹಟ ಹಿಡಿದಳು. ಮೇಷ್ಟ್ರು ಆಟದೊಳಗಿನ ಪುಟ್ಟಿಯ ಕಿಟಕಿಯಿಂದ ನೇರ ಗುಡ್ಡಕ್ಕೆ ಒಂದು ಸೇತುವೆ ಎಳೆದರು. ಅಣ್ಣ ಇನ್ನೂ ಮಾತು ಬಿಟ್ಟಿದ್ದ. ಬಾಲ್ಕನಿಗೆ ಮಾತ್ರ ಪರದೆ ಬಂತು. ಅಪ್ಪ ಊಟದ ಹೊತ್ತಿಗೆ ಪುಟ್ಟಿಯ ಎದುರು ಕೂರುವುದನ್ನು ತಪ್ಪಿಸುತ್ತಿದ್ದರು.

ಮಹಡಿಯ ಕೆಲಸ ಮುಗಿದು ಮೇಸ್ತ್ರಿ ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಅಮ್ಮ ಮೆಟ್ಟಿಲ ಬುಡದಲ್ಲಿ ಅವನನ್ನು ತಡೆದು ನಿಲ್ಲಿಸಿದರು.

“ದೊಡ್ಡ ಸುತ್ತಿಗೆ ಒಳಗೆ ಹಾಕ್ಬೇಡಪ್ಪ. ಅದನ್ನ ಹಿಡ್ಕೊಂಡು ಅಡಿಗೆಮನೆಗೆ ಬಾ. ಎಲ್ಲಿ ಒಡೀಬೇಕೋ ನಾನು ತೋರಿಸ್ತೀನಿ.”

ಅಪ್ಪ ಹಾಲ್‌ನಲ್ಲಿ ಪೇಪರ್ ಕೆಳಗಿಳಿಸಿದರು. “ನನ್ನನ್ನ ಒಂದು ಮಾತು ಕೇಳೋದು ಬೇಡವೇನೇ?”

“ಧೂಳು ಏಳುತ್ತೆ ಕಣ್ರೀ,” ಎಂದರು ಅಮ್ಮ. “ಕುರ್ಚಿ ಎತ್ತಿಕೊಂಡು ವರಾಂಡಕ್ಕೆ ಹೋಗಿ ಕೂತ್ಕೊಳ್ಳಿ.”